ಮುಂದಿನ ಮೀಟರು

ಹುಬ್ಬಳ್ಳಿಯ ಪ್ರತಿ ಮನೆಗೂ ಎರಡೆರಡು ಮೀಟರು. ಒಂದು ಇವತ್ತಿನ ಕರೆಂಟಿನದು, ಇನ್ನೊಂದು ಇಪ್ಪತ್ತು ವರ್ಷ ಮುಂದಿನದು. ಮೀಟರು ಓದುವ ಹಸೀನಾ ನೋಡಿ ಹೋಗುವುದು ಈ ಎರಡನೆಯದನ್ನು. ಅವಳು ಹೇಳಿದ ಮೇಲೆಯೇ ಯಾವ ಓಣಿಗೆ ಹೊಸ ಲೈನು ಎಳೆಯಬೇಕೆಂದು ಕರೆಂಟ್ ಆಫೀಸಿನವರು ಗೊತ್ತುಮಾಡುತ್ತಿದ್ದರು.

ನೀಲವ್ವನ ಹಿಟ್ಟಿನ ಗಿರಣಿಯಲ್ಲಿ ಮುಂದಿನ ಮೀಟರಿನ ಚಕ್ರ ಅಲುಗಾಡದೆ ನಿಂತಿತ್ತು. ಓಣಿಯ ಉಳಿದ ಮನೆಗಳದೂ ಅದೇ ಕತೆ.

"ಏನಂತೈತಿ ತಂಗಿ, ನಮ್ಮ ಮೀಟರ?" ನೀಲವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಕೇಳಿದಳು.

ಮನೆಯವರಿಗೆ ಹೇಳುವ ಪದ್ಧತಿಯಿರಲಿಲ್ಲ. ಆದರೆ ಹಸೀನಾ ಆಗಲೇ ನೀಲವ್ವನ ಚಹಾ ಕುಡಿದಾಗಿತ್ತು. "ನಿಂತೈತ್ರಿ ಅವ್ವಾರ. ಮುಂದ ಈ ಓಣ್ಯಾಗ ಯಾರೂ ಇರಂಗಿಲ್ರಿ."

"ಯಾಕ? ಎಲ್ಲಿಗೆ ಹೋಗ್ತೀವಿ?"

ಹಾಗೆ ಯಾರೂ ಕೇಳಿರಲಿಲ್ಲ. ಹಸೀನಾ ತಡವರಿಸಿದಳು. "ಹಳೇ ಲೈನ್ರಿ. ಕರೆಂಟ ಸಾಲಂಗಿಲ್ಲ, ಎಲ್ಲಾರೂ ಬಿಟ್ಟ ಹೋಗ್ತಾರ."

"ಹಂಗಾದ್ರ ಹೊಸಾದು ಎಳೀರಿ."

"ಯಾರೂ ಇರಲಾರದ ಓಣಿಗೆ ಹೆಂಗ ಎಳೀತಾರ್ರಿ?"

ತನ್ನ ಮಾತು ತನ್ನ ಕಿವಿಗೇ ಬಿದ್ದು ಹಸೀನಾ ನಿಂತ ಚಕ್ರದತ್ತ ತಿರುಗಿದಳು. ನೀಲವ್ವ ಸೊಂಟಕ್ಕೆ ಕೈಯಿಟ್ಟು ಅವಳನ್ನೇ ನೋಡುತ್ತಿದ್ದಳು.

ಹಸೀನಾ ಆಫೀಸಿಗೆ ಫೋನು ಹಚ್ಚಿದಳು. "ಸರ, ಗಿರಣಿ ಓಣಿ. ಮೀಟರ ಭಾಳ ಜೋರ ತಿರಗಾಕತ್ತಾವ್ರಿ. ದೊಡ್ಡ ಲೈನ ಬೇಕ್ರಿ." ಇಷ್ಟು ವರ್ಷದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

"ಆತು, ಹಾಕಸ್ತೀವಿ," ಅಂದರು ಅತ್ತಲಿಂದ.

ಫೋನು ಇಡುವಷ್ಟರಲ್ಲಿ ನೀಲವ್ವ ಅವಳ ರಟ್ಟೆ ಹಿಡಿದು ಜಗ್ಗಿದಳು. ಗಾಜಿನೊಳಗೆ ಮುಂದಿನ ಮೀಟರಿನ ಚಕ್ರ ತಿರುಗತೊಡಗಿತ್ತು.

"ನೋಡಲ್ಲೆ," ಅಂದಳು ನೀಲವ್ವ, "ಯಾರೋ ನನ್ನ ಗಿರಣಿ ಚಾಲೂ ಮಾಡ್ಯಾರ."