ಶೇವಂತಿಯ ಬೆನ್ನಿನ ನೀರು

ಮಳೆಗಾಲವೇ ಬಾರದೆ ನಿಂತುಹೋದ ಮೇಲೆ ಕಾರವಾರದಲ್ಲಿ ನಮಗೆ ಕಡಲಿನ ಮಂಜೇ ನೀರು. ನಸುಕಿನಲ್ಲಿ ಮಗಳು ಶೇವಂತಿ ತಾರಸಿಯ ಮೇಲೆ ಬೆನ್ನ ಮೇಲೆ ಮಂಜು ಹಿಡಿದು ಕುಡಿಯುವ ಮರಳುಗಾಡಿನ ಜೀರುಂಡೆಯಂತೆ ಬಗ್ಗಿ ನಿಂತಿದ್ದಳು. ಅವಳು ಹೊಟ್ಟೆಯಲ್ಲಿದ್ದಾಗಲೇ ನಾವು ಆಸ್ಪತ್ರೆಯಲ್ಲಿ ಮಾಡಿಸಿದ ಬೆನ್ನಿನ ಉಬ್ಬುಗಳ ಮೇಲೆ ಹನಿಗಳು ಕೂಡಿ, ನಾನು ಹಿಡಿದ ಚೊಂಬಿಗೆ ಇಳಿಯುತ್ತಿದ್ದವು.

ಅಷ್ಟರಲ್ಲಿ ಆಸ್ಪತ್ರೆಯ ನರ್ಸ್ ಮೆಟ್ಟಿಲು ಹತ್ತಿ ಬಂದರು.

"ನಾಳೆ ಬಂದ್ರೆ ಹೊಟ್ಟೇಲಿರೋ ಕೂಸಿಗೂ ಹೀಗೇ ಮಾಡ್ಬಹುದು ಅಕ್ಕ. ತಡ ಆದ್ರೆ ನಮ್ಮ ಹಾಗೆ ನುಣುಪು ಬೆನ್ನೇ."

ಶೇವಂತಿ ತಲೆಯೆತ್ತಿದಳು. "ಏಳಬೇಡ ಮಗಾ, ಚೆಲ್ತದೆ," ಎಂದೆ.

ಬಂದವರಿಗೆ ಬೆಲ್ಲ, ನೀರು ಕೊಡುವುದು ನಮ್ಮ ರೂಢಿ. ನರ್ಸ್ ಕಟ್ಟೆಯ ಮೇಲೆ ಕೂತು ನಾನು ಆ ಚೊಂಬಿನಿಂದ ಸುರಿದುಕೊಟ್ಟ ಲೋಟದ ನೀರನ್ನೆಲ್ಲ ಕುಡಿದು ಹೋದರು.

ಚಳಿಗೆ ನಡುಗುತ್ತಲೇ ಶೇವಂತಿ ಕೇಳಿದಳು:

"ಆಯಿ, ನಮ್ಮ ಪಾಪು ನನ್ನ ಹಾಗೆ ಬಗ್ಗಿ ನಿಲ್ತದಾ, ಇಲ್ಲಾ ಅವರ ಹಾಗೆ ಕೂತು ಕುಡೀತದಾ?"