ಎರಡು ಟಿಕ್ಕಿನ ನಡುವೆ

“ಇನ್ನು ಸ್ಟೇರಿಂಗ್ ಮುಟ್ಟಬೇಡ ಕರೀಂ. ಅರಬೈಲ್ ಘಟ್ಟ ಇಳಿವಾಗ ನಿಂಗೆ ಎಂತಾದ್ರೂ ಆದ್ರೆ ಎದುರಿಗೆ ಬಂದವರ ಗತಿ ಏನು?” ಎಂದ ಡಾಕ್ಟರ್ ನಾಗಪತಿ ಕಂಪ್ಯೂಟರಿನ ಪರದೆಯತ್ತ ಬೆರಳು ತೋರಿಸಿದರು. ಎದೆಬಡಿತದ ಹಸಿರು ಗೆರೆಯಲ್ಲಿ ಏರುಗಳು ಒಂದೆಡೆ ಒತ್ತೊತ್ತಾಗಿ, ಇನ್ನೊಂದೆಡೆ ದೂರ ದೂರ ನಿಂತಿದ್ದವು. ಅಂಗಿ ಬಿಚ್ಚಿ ಮಲಗಿದ್ದ ಕರೀಂ ಆ ಗೆರೆಯನ್ನು ನೋಡಿದ, ತನ್ನ ಎದೆಯನ್ನು ನೋಡಿಕೊಂಡ, ಕೊನೆಗೆ ಪಕ್ಕದಲ್ಲಿ ನಿಂತಿದ್ದ ಅಕ್ಕನ ಮಗಳು ಶಾಜಿಯಾಳ ಮುಖ ನೋಡಿದ.

ಗೆರೆ ಎಳೆಯುವ ಪ್ರೋಗ್ರಾಮು ಶಾಜಿಯಾಳೇ ಬರೆದದ್ದು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸುವಾಗ ಮಾಡಿದ್ದ ಪ್ರಾಜೆಕ್ಟು ಅದು. ಸ್ಟೆತಸ್ಕೋಪಿಗೆ ಸಿಗದ್ದೂ ಇದಕ್ಕೆ ಸಿಗುತ್ತದೆಂದು ಹೇಳಿ ಯಲ್ಲಾಪುರದ ಈ ದವಾಖಾನೆಗೆ ತಂದು ಜೋಡಿಸಿದವಳೂ ಅವಳೇ. ಈಗ ಅದು ಮಾಮುವಿನ ಹೊಟ್ಟೆಯ ಮೇಲೆಯೇ ಹೊಡೆಯಲು ಹೊರಟಿತ್ತು. ಲೈಸೆನ್ಸ್ ಮುಂದುವರಿಸಲು ಡಾಕ್ಟರ ಸಹಿ ಬೇಕೆಂದು ಬಂದ ಮನುಷ್ಯನಿಗೆ ಲಾರಿ ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ.

“ತಪ್ಪು ಎದೆದಲ್ಲ ಸರ್, ಕಂಪ್ಯೂಟರಿಂದು ಇರಬಹುದು,” ಅಂದಳು. ಅಂದ ಕೂಡಲೇ ಅವಳಿಗೇ ಗಲಿಬಿಲಿಯಾಯಿತು. ಈ ಮಾತು ಆಡಿದ್ದು ಇಂಜಿನಿಯರೋ, ಅಕ್ಕನ ಮಗಳೋ?

“ಬೇರೆಯವರಿಗಾದ್ರೆ ಯಂತ್ರ ಸರಿ, ನಿನ್ನ ಮಾಮುಗಾದ್ರೆ ತಪ್ಪು. ಎಂತದು ಮಾರಾಯ್ತಿ ಇದು?”

“ಹಂಗಲ್ಲ ಸರ್. ನನ್ನ ಪ್ರೋಗ್ರಾಮು ಎದೆಬಡಿತ ಅಳೆದು ಗೆರೆಗೆ ಒಂದು ಚುಕ್ಕಿ ಇಟ್ಟು ಮಲಗುತ್ತೆ. ಮಲಗೋ ಮುಂಚೆ ‘ಇಷ್ಟು ಹೊತ್ತಿಗೆ ಎಬ್ಬಿಸು’ ಅಂತ ಕರ್ನಲ್‌ಗೆ ಹೇಳಿರುತ್ತೆ.”

“ಕರ್ನಲ್ಲಾ? ಮಿಲಿಟರಿಯವನಾ?” ಕರೀಂ ಗಾಬರಿಯಿಂದ ಕೇಳಿದ.

“ಅಲ್ಲ ಮಾಮು, ಕಂಪ್ಯೂಟರಿನ ಒಳಗಿನ ಯಜಮಾನ. ಒಳಗಿನ ಗಡಿಯಾರ ಟಿಕ್ ಅಂದಾಗ ಮಾತ್ರ ಅದು ‘ಯಾರನ್ನ ಎಬ್ಬಿಸಬೇಕು’ ಅಂತ ನೋಡುತ್ತೆ. ಎರಡು ಟಿಕ್ಕಿನ ನಡುವೆ ಏಳಬೇಕಾದವರು ಮುಂದಿನ ಟಿಕ್ಕಿನವರೆಗೂ ಮಲಗೇ ಇರಬೇಕು. ಕರ್ನಲ್‌ಗೆ ಬೇರೆ ಕೆಲಸ ಬಂದ್ರೆ ಇನ್ನೂ ತಡ. ಚುಕ್ಕಿ ತಡವಾಗಿ ಬಿದ್ದದ್ದು ಗೆರೆಗೆ ಗೊತ್ತಾಗೋದಿಲ್ಲ. ಸರಿಯಾಗಿ ಬಡಿಯೋ ಎದೆನೂ ಅಡ್ಡಾದಿಡ್ಡಿ ಕಾಣುತ್ತೆ.”

ಡಾಕ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅರ್ಥವಾದಂತೆ ಕಾಣಲಿಲ್ಲ.

“ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಆಗಾಗ ಕಿಟಕಿಯಿಂದ ತಲೆ ಹೊರಗೆ ಹಾಕಿದಂಗೆ,” ಅಂದ ಕರೀಂ ಮಲಗಿದಲ್ಲಿಂದಲೇ. “ಬಸ್ಸು ಯಾವಾಗ್ಲೇ ಬಂದಿರ್ಲಿ, ಅವ ನೋಡಿದ್ದೇ ಟೈಮು. ಹೌದಾ ಬೇಟಿ?”

ಹೌದೆಂದು ತಲೆಯಾಡಿಸಿದಳು. ಆದರೆ ಕಾಲೇಜಿನಲ್ಲಿ ಇದೇ ಪ್ರೋಗ್ರಾಮು ನೆಟ್ಟಗೆ ಓಡಿತ್ತಲ್ಲ? ಇಲ್ಲಿ ಬಿಲ್ಲು, ಪ್ರಿಂಟರು ಎಲ್ಲ ಇದೇ ಕಂಪ್ಯೂಟರಿಗೆ ಸೇರಿಕೊಂಡಿವೆ, ಅದಕ್ಕೇ ಇರಬೇಕು. ಅಥವಾ ನಿಜವಾಗಿಯೂ ಮಾಮುವಿನ ಎದೆಯೇ… ಅವಳಿಗೆ ಯಾವ ಕಡೆಗೂ ಕಾಲೂರಲಾಗಲಿಲ್ಲ.

“ಹಾಗಾದ್ರೆ ನನ್ನ ಎದೆಗೇ ಹಚ್ಚಿ ನೋಡು,” ಎಂದು ಡಾಕ್ಟರ್ ತಾವೇ ಅಂಗಿಯ ಗುಂಡಿ ಬಿಚ್ಚಿದರು. ಕಾಯಿಲೆಯೆಂದು ಒಂದು ದಿನ ಮಲಗಿದ ಮನುಷ್ಯರಲ್ಲ ಅವರು. ವೈರು ಹಚ್ಚಿದಳು. ಪರದೆಯ ಮೇಲೆ ಅದೇ ಸೊಟ್ಟ ಗೆರೆ! ಡಾಕ್ಟರ್ ಹೊಟ್ಟೆ ಕುಣಿಯುವಂತೆ ನಕ್ಕರು. “ನಂದೂ ಹಂಗೇ ಬಂತಲ್ಲ! ಪಾಪ, ಇವನನ್ನ ಸುಮ್ಮನೆ ಹೆದರಿಸಿದೆ.” ಶಾಜಿಯಾಳಿಗೆ ಹೋದ ಜೀವ ಬಂದಂತಾಯಿತು.

ಅವಳ ಚೀಲದಲ್ಲಿ ಹೊಸ ಲಿನಕ್ಸ್ ಕರ್ನಲ್ಲಿನ ಸಿ.ಡಿ. ಇತ್ತು, ಆ ವರ್ಷವೇ, ಎರಡು ಸಾವಿರದ ಏಳರಲ್ಲಿ, ಬಂದದ್ದು. ಇದು ಟಿಕ್ಕಿಗೆ ಕಾಯುವುದಿಲ್ಲ. ಯಾರು ಯಾವಾಗ ಏಳಬೇಕೆಂದು ಸರದಿ ಹಚ್ಚಿ, ಮೊದಲನೆಯವನ ಹೊತ್ತಿಗೆ ಸರಿಯಾಗಿ ಗಡಿಯಾರಕ್ಕೇ ಅಲಾರಂ ಇಟ್ಟುಬಿಡುತ್ತದೆ. ಅವನು ಎದ್ದ ಮೇಲೆ ಮುಂದಿನವನಿಗೆ. ಪೇಷಂಟುಗಳು ಊಟಕ್ಕೆ ಕರಗಿದ ಮೇಲೆ ಕೂತು ಅದನ್ನು ಹಾಕಿದಳು. ಕರೀಂ ಮತ್ತೆ ಮಲಗಿದ. ಗೆರೆ ಮೂಡಿತು, ಮಿಶಿನ್ನಿನ ಹೊಲಿಗೆಯಷ್ಟು ಸಮನಾಗಿ. “ಅಲ್‌ಹಮ್ದುಲಿಲ್ಲಾಹ್,” ಎಂದು ಅವನು ಅಂಗಿಗೆ ಕೈ ಹಾಕಿದ.

“ಸಹಿ ಹಾಕ್ತೆ, ತಡಿ ಮಾರಾಯ. ನಂದೂ ಒಂದ್ಸಲ ಚೆಂದದ ಗೆರೆ ನೋಡಿಬಿಡುವ,” ಎಂದು ಡಾಕ್ಟರ್ ಖುಷಿಯಿಂದಲೇ ಮಲಗಿದರು.

ಗೆರೆ ಚೆಂದವಾಗಲಿಲ್ಲ. ಏರುಗಳು ಮೊದಲಿನಂತೆಯೇ ಒಮ್ಮೆ ಒತ್ತೊತ್ತಾಗಿ, ಒಮ್ಮೆ ದೂರ ದೂರ. ಶಾಜಿಯಾ ವೈರು ಬದಲಿಸಿದಳು, ಪ್ರೋಗ್ರಾಮು ನಿಲ್ಲಿಸಿ ಮತ್ತೆ ಹಚ್ಚಿದಳು. ಹೇಳುವ ಮೊದಲೇ ಕರೀಂ ಗುಂಡಿ ಬಿಚ್ಚಿ ಎದೆಯೊಡ್ಡಿದ. ಅವನ ಗೆರೆ ನೆಟ್ಟಗಿತ್ತು. ಮತ್ತೆ ಡಾಕ್ಟರಿಗೆ ಹಚ್ಚಿದಳು. ಸೊಟ್ಟ.

“ನಿನ್ನ ಹೊಸ ಕರ್ನಲ್ಲೂ ಅಷ್ಟಕ್ಕಷ್ಟೇ ಕಾಣ್ತದೆ,” ಅಂದರು ಡಾಕ್ಟರ್. ಈ ಸಲ ನಗಲಿಲ್ಲ.

“ಸರ್, ಹುಬ್ಬಳ್ಳಿಯಲ್ಲಿ ಒಂದ್ಸಲ ತೋರಿಸಿ…” ಅಂದಳು ಶಾಜಿಯಾ. ಯಂತ್ರ ಸರಿಯಾಯಿತೆಂದು ಕುಣಿಯಬೇಕೋ, ಇನ್ನೂ ಕೆಟ್ಟಿರಲೆಂದು ಬೇಡಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

“ವೈರೇ ಸಡಿಲ ಇರಬೇಕು ಡಾಕ್ಟ್ರೇ. ನಮ್ಮ ಲಾರಿದೂ ಹಂಗೇ ಆಗ್ತದೆ,” ಅಂದ ಕರೀಂ, ಮೆಲ್ಲಗೆ.

ಡಾಕ್ಟರ್ ಮಲಗಿದಲ್ಲೇ ಬಲಗೈ ಬೆರಳುಗಳನ್ನು ಎಡಗೈಯ ನಾಡಿಯ ಮೇಲಿಟ್ಟು, ಕಣ್ಣು ಮುಚ್ಚಿ ಎಣಿಸತೊಡಗಿದರು. ಎಣಿಸುತ್ತಿದ್ದ ತುಟಿ ಫಕ್ಕನೆ ನಿಂತಿತು. ಸ್ವಲ್ಪ ತಡೆದು, ಮತ್ತೆ ಒಂದರಿಂದ ಶುರು ಮಾಡಿದರು.