ತಪ್ಪು ಕಾಲು

"ಇದರಲ್ಲಿ ನಿಮ್ಮದು ಯಾವುದು ಅಂತ ನೀವೇ ಆರಿಸ್ಕೊಳ್ಳಿ ಅಕ್ಕಾ," ಎಂದು ಹಳೇ ಸಾಮಾನಿನ ಅಂಗಡಿಯವನು ಕೈ ತೋರಿಸಿದಾಗ ಸೊಸೆಯ ಜೀವ ಬಾಯಿಗೆ ಬಂತು. ಸಾಲಾಗಿ ನಾಲ್ಕು ಟಿವಿ ಸ್ಟ್ಯಾಂಡುಗಳು. ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಅದೇ ಅಗಲದ ಹಲಗೆ, ಅದೇ ಸಪೂರ ಕಾಲುಗಳು. ಸಾಲದ್ದಕ್ಕೆ ಎಲ್ಲಕ್ಕೂ ಮೊನ್ನೆ ತಾನೇ ಬಳಿದ ಒಂದೇ ವಾರ್ನಿಷ್. ಹನ್ನೆರಡು ವರ್ಷ ದಿನಾ ಬಟ್ಟೆ ಹಿಡಿದು ಒರೆಸಿದ ಸ್ಟ್ಯಾಂಡು. ಈಗ ನೋಡಿದರೆ ಅದರ ಒಂದು ಗುರುತೂ ನೆನಪಿಗೆ ಬರುತ್ತಿಲ್ಲ.

ಅತ್ತೆ ಕಣ್ಣಿನ ಆಪರೇಷನ್ನಿಗೆಂದು ಮಗಳ ಮನೆಗೆ ಹೋಗಿ ಹದಿನೈದು ದಿನವಾಗಿತ್ತು. ಹೊಲಿಗೆ ಮಿಷನ್ನಿಗೆ ಕಿಟಕಿಯ ಬೆಳಕು ಸಿಗಲೆಂದು, ಕೆಟ್ಟು ಕೂತ ಟಿವಿಗೆ ಸ್ಟ್ಯಾಂಡು ಬೇರೆ ಕೇಡು ಎಂದುಕೊಂಡು, ಸೊಸೆ ಟಿವಿಯನ್ನು ಮಂಚದ ಮೇಲೆ ಕೂರಿಸಿ ಸ್ಟ್ಯಾಂಡನ್ನು ಮುರುಕು ಕುರ್ಚಿಗಳ ಜೊತೆ ಈ ಅಂಗಡಿಗೆ ಸಾಗಹಾಕಿದ್ದಳು. ಇವತ್ತು ಬೆಳಿಗ್ಗೆ ಅತ್ತೆಯ ಫೋನು. "ಸಂಜೆ ಬರ್ತಿದೀನಿ ಕಣೇ. ಈಗ ಸೂಜಿಗೆ ನಾನೇ ದಾರ ಪೋಣಿಸ್ತೀನಿ, ಗೊತ್ತಾ? ಮನೆಗೆ ಬಂದವಳೇ ಮೊದಲು ನಿಮ್ಮ ಮಾವನ ಬಡಗಿತನ ನೋಡ್ಬೇಕು. ಮೂರು ವರ್ಷ ಆಯ್ತು ಅದು ನೆಟ್ಟಗೆ ಕಂಡು."

ಮಾವನ ಬಡಗಿತನ ಅಂದರೆ ಆ ಸ್ಟ್ಯಾಂಡಿನ ಕಾಲು. ಮನೆಯ ಆ ಮೂಲೆಯಲ್ಲಿ ನೆಲದ ಕಲ್ಲು ಒಂದು ಬೆರಳು ಎದ್ದಿದೆ. ಟಿವಿ ತಂದ ದಿನ ಸ್ಟ್ಯಾಂಡು ಅಲುಗಾಡಿತೆಂದು, ಹುಟ್ಟಿದಾಗಿನಿಂದ ಗರಗಸ ಮುಟ್ಟದ ಮನುಷ್ಯ ಒಂದು ಕಾಲನ್ನು ಬೆರಳಿನಷ್ಟು ಕೊಯ್ದರಂತೆ. ಕೊಯ್ದ ಮೇಲೆ ನೋಡಿದರೆ ತಪ್ಪು ಕಾಲು! ಗುಟ್ಟಾಗಿ ಆ ತುಂಡನ್ನು ವಾಪಸ್ ಅಂಟಿಸಿ, ಸರಿಯಾದ ಕಾಲನ್ನು ಕೊಯ್ದರಂತೆ. ಈ ಕಥೆಯನ್ನು ಸೊಸೆ ನೂರು ಸಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದಳು. ಮಾವ ಹೋಗಿ ಒಂಬತ್ತು ವರ್ಷ. ಅವರ ಕೈಯ ಕೆಲಸ ಅಂತ ಅತ್ತೆಗೆ ಉಳಿದದ್ದು ಅದೊಂದೇ ಎಂಬುದು ಫೋನ್ ಇಟ್ಟ ಮೇಲೆ ಹೊಳೆದು, ಇದ್ದ ಚಪ್ಪಲಿಯಲ್ಲೇ ಓಡಿ ಬಂದಿದ್ದಳು.

ಒಂದೊಂದೇ ಸ್ಟ್ಯಾಂಡನ್ನು ಹಿಡಿದು ಅಲುಗಾಡಿಸಿದಳು. ಒಂದೂ ಮಿಸುಕಲಿಲ್ಲ.

"ನಮ್ಮದು ಕುಂಟಬೇಕು. ಒಂದು ಕಾಲು ಗಿಡ್ಡ ಇತ್ತು."

"ಕುಂಟೋ ಮಾಲು ಯಾರು ತಗೋತಾರೆ ಅಕ್ಕಾ? ಎಲ್ಲಾ ಸಮ ಮಾಡಿಸಿದೀನಿ. ಇನ್ನೊಂದಿದೆ, ವಾರ್ನಿಷ್ ಬಳಿದಾಗಿದೆ, ಅದರ ಕಾಲೂ ಈಗ ಒಳಗೆ ಸಮ ಆಗ್ತಿದೆ."

ಆಗಷ್ಟೇ ಒಳಗಿನಿಂದ ಗರಗಸದ ಸದ್ದು ಶುರುವಾಯಿತು. ತನ್ನದು ಈ ನಾಲ್ಕರಲ್ಲಿ ಆಗಲೇ ಕೊಯ್ಸಿಕೊಂಡು ನಿಂತಿದೆಯೋ, ಒಳಗೆ ಕೊಯ್ಸಿಕೊಳ್ಳುತ್ತಿದೆಯೋ? ಸೊಸೆ ಒಳಬಾಗಿಲ ಕಡೆ ತಿರುಗಿದಳು. ಅಷ್ಟರಲ್ಲಿ ಗರಗಸ ಥಟ್ಟನೆ ನಿಂತು, ಬಡಗಿಯ ನಗು ಕೇಳಿಸಿತು.

"ಸಾಹುಕಾರ್ರೇ, ಇಲ್ಲಿ ಬನ್ನಿ! ಗರಗಸ ಇನ್ನೂ ಸರಿಯಾಗಿ ಕೂತೇ ಇಲ್ಲ, ತುಂಡು ತಾನೇ ಉದುರಿಹೋಯ್ತು. ಯಾವನೋ ಪುಣ್ಯಾತ್ಮ ಕೊಯ್ದು ಮತ್ತೆ ಅಂಟಿಸಿದಾನೆ."

"ನಿಲ್ಲಿಸಿ!" ಎಂದು ಕಿರುಚಿಕೊಂಡೇ ಸೊಸೆ ಒಳಗೆ ನುಗ್ಗಿದಳು. "ಅದು ನಮ್ಮ ಮಾವ!"

ಬಡಗಿ ಗಾಬರಿಯಿಂದ ಕೈಯಲ್ಲಿದ್ದ ತುಂಡನ್ನೇ ನೋಡಿದ. ಒಂದು ಬೆರಳಗಲದ ತುಂಡು. ಒಂದು ಬದಿಯಲ್ಲಿ ಹಳದಿಗಟ್ಟಿದ ಹಳೇ ಅಂಟು. ಮಿಕ್ಕ ಕಾಲುಗಳಿಗೆ ಗರಗಸ ಇನ್ನೂ ತಾಗಿರಲಿಲ್ಲ. ಬಡಗಿ ತನ್ನ ಡಬ್ಬಿಯಿಂದಲೇ ಅಂಟು ಹಚ್ಚಿ ತುಂಡನ್ನು ಕೂರಿಸಿ ಕೊಟ್ಟ. "ನಾಳೆವರೆಗೆ ಯಾರೂ ಮುಟ್ಟಬಾರದು. ಭಾರ ಅಂತೂ ಇಡಲೇಬೇಡಿ," ಎಂದ. ಸೊಸೆ ತಲೆಯಾಡಿಸಿದಳು. ಅವಳಿಗೆ ಇದ್ದದ್ದು ಎರಡು ಗಂಟೆ.

ಹೊಲಿಗೆ ಮಿಷನ್ ಸರಿಸಿ ಮನೆಯ ಮೂಲೆಯಲ್ಲಿ ಇಟ್ಟದ್ದೇ ತಡ, ನಾಲ್ಕೂ ಕಾಲು ನೆಲ ಕಚ್ಚಿ ನಿಂತವು. ಇದೇ ನಮ್ಮದು ಎಂದು ಅವಳಿಗೆ ಅಳುವೇ ಬಂತು. ಉಸಿರು ಬಿಗಿಹಿಡಿದು ಟಿವಿಯನ್ನು ಎತ್ತಿ ಮೇಲಿಟ್ಟಳು. ಬಾಗಿಲಲ್ಲಿ ಆಟೋ ನಿಂತ ಸದ್ದಾಯಿತು.

ಅತ್ತೆ ಬಂದವರೇ ನೆಟ್ಟಗೆ ಮೂಲೆಯ ಕಡೆ ನಡೆದರು.

"ಅತ್ತೆ, ಮೊದಲು ಕೈಕಾಲು ತೊಳ್ಕೊಳ್ಳಿ. ನೀರು ಕಾಯಿಸಿದೀನಿ."

"ನೀರೇನು ಓಡಿಹೋಗತ್ತಾ?"

ಅತ್ತೆ ಗೋಡೆ ಹಿಡಿದು ನಿಧಾನವಾಗಿ ನೆಲದ ಮೇಲೆ ಕೂತರು. ಮಿರಮಿರ ಮಿಂಚುವ ವಾರ್ನಿಷ್ ನೋಡಿದರು, ಹುಬ್ಬು ಮೇಲೇರಿತು. ಕಾಲಿನ ಬುಡದ ಸಣ್ಣ ಗೆರೆಯನ್ನು ಹೊಸ ಕಣ್ಣು ಕಿರಿದು ಮಾಡಿ ಹುಡುಕಿದರು, ಸಿಕ್ಕಿತು. ಅದರ ಮೇಲೆ ಮೆಲ್ಲಗೆ ಬೆರಳಿಟ್ಟರು. ತೆಗೆಯಲು ಹೋದರೆ ಬೆರಳು ಅಂಟಿಕೊಂಡಿತು.

"ಹಸಿ ಇದೆ," ಎಂದರು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಸೊಸೆಗೆ. ಅಂಗೈಗೆ ಹತ್ತಿದ್ದ ಅಂಟು ಕಾಣದಿರಲೆಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಸೇರಿಸಿಕೊಂಡಳು.

ಅತ್ತೆ ಅವಳ ಬೆನ್ನ ಹಿಂದೆ ಅಡಗಿದ ಕೈಗಳ ಕಡೆ ನೋಡಿದರು. ಆಮೇಲೆ ಅಂಟಾದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಮಡಿಲಲ್ಲಿಟ್ಟುಕೊಂಡರು.

"ಅವತ್ತೂ ನಾನು ಮುಟ್ಟಿದಾಗ ಹಸಿ ಇತ್ತು," ಎಂದರು. "ನಿಮ್ಮ ಮಾವನೂ ಅಲ್ಲೇ ನಿಂತಿದ್ರು. ಥೇಟ್ ಹೀಗೇ, ಕೈ ಬೆನ್ನ ಹಿಂದೆ ಇಟ್ಕೊಂಡು."